ಮಕ್ಕಳ ಆಟವನ್ನೇ ಉದ್ಯಮವಾಗಿಸುವುದು ಹೇಗೆ?

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರಾಟ ಚುರುಕಾಗುವಂತೆ ಓಡಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2016ರ ಅಂಕಿಅಂಶದಂತೆ ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ ಶೇ 81ರಷ್ಟು ಮಂದಿಗೆ ಇಷ್ಟು ಚಟುವಟಿಕೆ ಸಿಗುತ್ತಿಲ್ಲ. ಖಾಲಿ ನಿವೇಶನಗಳು ಕಟ್ಟಡಗಳಾಗಿ, ಬೀದಿಗಳು ವಾಹನಗಳ ಪಾಲಾಗುತ್ತಿರುವ ನಮ್ಮ ಊರುಗಳಲ್ಲಿ ಈ ಕೊರತೆ ನೀಗಿಸುವ ಸಣ್ಣ ಉದ್ಯಮಕ್ಕೆ ಖಂಡಿತ ಅವಕಾಶವಿದೆ. ಆದರೆ ಬಣ್ಣಬಣ್ಣದ ಸಲಕರಣೆ ತಂದು ಸುರಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಪೋಷಕರು ಹಣ ಕೊಡುವುದು ತಮ್ಮ ಮಗು ಓಡಾಡಿದ ನಿಮಿಷಗಳಿಗೆ. ಜಾಗ, ಆಟ, ಸಿಬ್ಬಂದಿ, ಶುಲ್ಕ ಎಲ್ಲವನ್ನೂ ಈ ಒಂದೇ ಅಳತೆಗೆ ಹಚ್ಚಿ ತೀರ್ಮಾನಿಸಬೇಕು.

ಹೆಜ್ಜೆ 1: ಜಾಗ ಮತ್ತು ವಯಸ್ಸು

ಒಳಾಂಗಣ ಮಳಿಗೆ ಹಿಡಿದರೆ ಮುಂಗಡ ಮತ್ತು ಬಾಡಿಗೆಗೇ ಬಂಡವಾಳ ಕರಗುತ್ತದೆ. ಶಾಲೆ ಬಿಟ್ಟ ಮೇಲೆ ಖಾಲಿ ಬೀಳುವ ಮೈದಾನವನ್ನು ವಾರಕ್ಕೆ ಮೂರು ಸಂಜೆ, ದಿನದ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವುದು ಜಾಣತನ. ಆಡಳಿತ ಮಂಡಳಿಯಿಂದ ಲಿಖಿತ ಒಪ್ಪಿಗೆ ಇರಲಿ. ಶೌಚಾಲಯ, ಕುಡಿಯುವ ನೀರು, ಮಳೆ ಬಂದರೆ ನಿಲ್ಲಲು ಒಂದು ಜಗಲಿ ಇದೆಯೇ ನೋಡಿಕೊಳ್ಳಿ. ಆರರಿಂದ ಹತ್ತು ವರ್ಷದವರಿಗಷ್ಟೇ ಸೀಮಿತವಾಗಿ, 16 ಮಕ್ಕಳ ಒಂದು ಬ್ಯಾಚ್‌ನಿಂದ ಶುರು ಮಾಡಿ. ನಾಲ್ಕು ವರ್ಷದ ಮಗುವನ್ನೂ ಹತ್ತು ವರ್ಷದವರನ್ನೂ ಒಟ್ಟಿಗೆ ಬಿಟ್ಟರೆ ಚಿಕ್ಕವರು ಬಿದ್ದು ಅಳುತ್ತಾರೆ, ದೊಡ್ಡವರಿಗೆ ಬೇಸರ ಬರುತ್ತದೆ.

ಹೆಜ್ಜೆ 2: ಆಟವನ್ನು ಒಗ್ಗಿಸಿಕೊಳ್ಳುವುದು

ಆಟ ನಡೆಯುತ್ತಿದೆ ಎಂದರೆ ಎಲ್ಲರೂ ಆಡುತ್ತಿದ್ದಾರೆ ಎಂದಲ್ಲ. ಪೂರ್ಣ ಪ್ರಮಾಣದ ಖೋ ಖೋದಲ್ಲಿ ಬೆನ್ನಟ್ಟುವ ತಂಡದ ಎಂಟು ಮಂದಿ ಸಾಲಿನಲ್ಲಿ ಕುಳಿತಿರುತ್ತಾರೆ, ಒಬ್ಬರು ಓಡುತ್ತಾರೆ. ಎದುರಾಳಿಗಳು ಮೂವರು ಮೂವರಾಗಿ ಅಂಕಣಕ್ಕಿಳಿಯುತ್ತಾರೆ. ಅಲ್ಲಿಗೆ 12 ಮಂದಿಯಲ್ಲಿ ಓಡುತ್ತಿರುವವರು ನಾಲ್ವರೇ. ನಿಮ್ಮ 16 ಮಕ್ಕಳಿಗೆ ಎರಡು ಪುಟ್ಟ ಅಂಕಣ ಹಾಕಿ, ಒಂದೊಂದರಲ್ಲಿ ನಾಲ್ವರನ್ನು ಕೂರಿಸಿ, ಒಬ್ಬರನ್ನು ಬೆನ್ನಟ್ಟಲು, ಮೂವರನ್ನು ತಪ್ಪಿಸಿಕೊಳ್ಳಲು ಬಿಟ್ಟರೆ ಯಾವ ಹೊತ್ತಿನಲ್ಲೂ ಅರ್ಧ ಮಕ್ಕಳು ಓಟದಲ್ಲಿರುತ್ತಾರೆ. ಕುಂಟೆಬಿಲ್ಲೆಗೆ ಒಂದೇ ಮನೆ ಬರೆದರೆ ಒಬ್ಬರು ಕುಂಟುವಾಗ 15 ಮಂದಿ ಕಾಯುತ್ತಾರೆ. ಸೀಮೆಸುಣ್ಣದಲ್ಲಿ ನಾಲ್ಕು ಕಡೆ ಬರೆದು, ಕಾಯುವವರ ಕೈಗೆ ಸ್ಕಿಪ್ಪಿಂಗ್ ಹಗ್ಗ ಕೊಡಿ. ಔಟಾದವರು ಹೊರಗೆ ಕೂರುವ ನಿಯಮವನ್ನು ಕೈಬಿಡಿ. ಹೆಚ್ಚು ಓಡಬೇಕಾದ ಮಗುವೇ ಮೊದಲು ಔಟಾಗುವುದು. ಐದು ಸಲ ಜಿಗಿದು ಮತ್ತೆ ಆಟಕ್ಕೆ ಸೇರಲಿ. ಇದಕ್ಕೆಲ್ಲ ಬೇಕಾಗುವುದು ಹಗ್ಗ, ರಿಂಗ್, ಕೋನ್, ಲಗೋರಿಗೆ ಚಪ್ಪಟೆ ಕಲ್ಲು, ಬಟ್ಟೆ ಚೆಂಡು, ಇಷ್ಟೇ.

ಹೆಜ್ಜೆ 3: ಸಿಬ್ಬಂದಿ ಮತ್ತು ಸುರಕ್ಷತೆ

ಸಲಕರಣೆಯಲ್ಲಿ ಉಳಿದ ಹಣವನ್ನು ತರಬೇತುದಾರರಿಗೆ ಕೊಡಿ. ದೈಹಿಕ ಶಿಕ್ಷಣದಲ್ಲಿ ಪದವಿ ಪಡೆದವರು ಸಿಕ್ಕರೆ ಒಳ್ಳೆಯದು. ಪ್ರಥಮ ಚಿಕಿತ್ಸೆ ಗೊತ್ತಿರಲೇಬೇಕು. ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಪೊಲೀಸ್ ಪರಿಶೀಲನೆ ಮಾಡಿಸಿ. ಮಕ್ಕಳ ಜೊತೆ ಸದಾ ಇಬ್ಬರು ದೊಡ್ಡವರಿರಲಿ. ದೌರ್ಜನ್ಯದ ಸಂಗತಿ ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಕಡ್ಡಾಯ ಎಂಬುದು ಪ್ರತಿ ಸಿಬ್ಬಂದಿಗೂ ಗೊತ್ತಿರಲಿ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಕಾಣುವಂತಿರಲಿ. ಉಬ್ಬಸ, ಅಲರ್ಜಿ, ಮಗುವನ್ನು ಯಾರು ಕರೆದೊಯ್ಯುತ್ತಾರೆ ಎಂಬ ವಿವರವನ್ನು ಸೇರುವಾಗಲೇ ಬರೆಸಿಕೊಳ್ಳಿ. ಫೋಟೊ ಹಂಚಿಕೊಳ್ಳಲು ಪೋಷಕರ ಲಿಖಿತ ಒಪ್ಪಿಗೆ ಪಡೆಯಿರಿ.

ಹೆಜ್ಜೆ 4: ಲೆಕ್ಕ ಮತ್ತು ಕಾಗದಪತ್ರ

ಒಂದು ಉದಾಹರಣೆ ನೋಡೋಣ. ತಿಂಗಳ ಶುಲ್ಕ 1,200 ರೂಪಾಯಿಯಾದರೆ 16 ಮಕ್ಕಳಿಂದ 19,200 ರೂಪಾಯಿ. ತಿಂಗಳಿಗೆ 12 ಸಂಜೆಗಳಲ್ಲಿ ಮೈದಾನಕ್ಕೆ ದಿನಕ್ಕೆ 300, ಇಬ್ಬರು ತರಬೇತುದಾರರಿಗೆ ತರಗತಿಗೆ ತಲಾ 400 ಎಂದಿಟ್ಟರೆ 13,200 ಖರ್ಚು. ಇತರೆ 1,500 ಕಳೆದರೆ ಉಳಿಯುವುದು 4,500 ಮಾತ್ರ. ಅದೇ ಸಂಜೆ, ಅದೇ ದಿನಬಾಡಿಗೆಯಲ್ಲಿ ಎರಡನೇ ಬ್ಯಾಚ್ ನಡೆಸಿದರೆ, ಇತರೆ ಖರ್ಚು 2,000 ಆದರೂ 13,600 ಉಳಿಯುತ್ತದೆ. ಮಾಲೀಕರೇ ಒಬ್ಬ ತರಬೇತುದಾರರಾದರೆ ಮತ್ತೆ 9,600 ಅವರ ಕೈಯಲ್ಲೇ ಉಳಿಯುತ್ತದೆ. ವರ್ಷದ ಆದಾಯ 4.6 ಲಕ್ಷದ ಆಸುಪಾಸಿನಲ್ಲಿರುವುದರಿಂದ, ಸೇವೆಗಳಿಗೆ 20 ಲಕ್ಷದ ಮಿತಿಯಿರುವ ಜಿಎಸ್‌ಟಿ ನೋಂದಣಿ ಈಗಲೇ ಬೇಕಿಲ್ಲ. ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ. ಉದ್ದಿಮೆ ಪರವಾನಗಿ ಬಗ್ಗೆ ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸಿ. ಸಾಲ ಬೇಕಿದ್ದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದ ಸಾಲಕ್ಕೆ ಅರ್ಜಿ ಹಾಕಬಹುದು.

ಹೆಜ್ಜೆ 5: ಆಕ್ಷೇಪಗಳಿಗೆ ಉತ್ತರ

ಪುಕ್ಕಟೆ ಆಡುವ ಆಟಕ್ಕೆ ದುಡ್ಡೇಕೆ ಎಂದು ಕೇಳುವವರಿದ್ದಾರೆ. ಬೀದಿಯಲ್ಲಿ ಮಕ್ಕಳು ಇನ್ನೂ ನಿರಾತಂಕವಾಗಿ ಆಡುವ ಊರಲ್ಲಿ ಈ ಉದ್ಯಮ ಬೇಡವೇ ಬೇಡ. ಆಡಲು ಜಾಗವೂ ಜೊತೆಗಾರರೂ ಇಲ್ಲದ ಕಡೆ ಅವೆರಡನ್ನೂ ಒದಗಿಸಿ, ಸುರಕ್ಷತೆಯ ಹೊಣೆ ಹೊರುವುದಕ್ಕೆ ಶುಲ್ಕ ಪಡೆಯುವುದು ನ್ಯಾಯವೇ. ಪದಕ ಬರುತ್ತದೆಯೇ ಎಂದು ಕೇಳುವ ಪೋಷಕರಿಗೂ ನೇರವಾಗಿ ಹೇಳಿ: ತಂಡಕ್ಕೆ ಆಯ್ಕೆ ಮಾಡುವ ತರಬೇತಿ ಶಿಬಿರಗಳು ಬೇರೆ ಇವೆ, ಇಲ್ಲಿ ಆಯ್ಕೆಯಾಗದ ಮಗುವೇ ಇಲ್ಲ. ತೂಕ ಇಳಿಸುವ ಭರವಸೆಯನ್ನಂತೂ ಕೊಡಲೇಬೇಡಿ. ತಕ್ಕಡಿಯ ಮುಂದೆ ನಾಚಿದ ಮಗು ಆಟದಿಂದಲೇ ದೂರ ಸರಿಯುತ್ತದೆ. ಇದು ಉಳ್ಳವರ ಮಕ್ಕಳಿಗಷ್ಟೇ ಅಲ್ಲವೇ ಎಂಬುದು ಎಲ್ಲಕ್ಕಿಂತ ತೂಕದ ಪ್ರಶ್ನೆ. ಪ್ರತಿ ಬ್ಯಾಚ್‌ನಲ್ಲಿ ಎರಡು ಸ್ಥಾನ ಉಚಿತವಾಗಿಟ್ಟರೆ ಮೇಲಿನ ಲೆಕ್ಕದ 13,600 ರೂಪಾಯಿ 8,800ಕ್ಕೆ ಇಳಿಯುತ್ತದೆ. ಲಾಭ ಕಡಿಮೆಯಾದರೂ ನಷ್ಟವಿಲ್ಲ, ಆದ್ದರಿಂದ ಅದನ್ನು ಮೊದಲ ತಿಂಗಳಿಂದಲೇ ಪಾಲಿಸಬಹುದು.

ವಾರಕ್ಕೊಮ್ಮೆ ಒಬ್ಬ ಸಹಾಯಕರು ಗಡಿಯಾರ ಹಿಡಿದು ಒಂದು ಮಗುವನ್ನಷ್ಟೇ ಗಮನಿಸಲಿ. ಅದು ಎಷ್ಟು ನಿಮಿಷ ಓಡಾಡಿತು ಎಂದು ಪುಸ್ತಕದಲ್ಲಿ ಬರೆಯಲಿ. ಸುಲಭವಾಗಿ ಹಿಂದೆ ಸರಿಯುವ ಮಗುವನ್ನೇ ಇದಕ್ಕೆ ಆರಿಸಿಕೊಳ್ಳಿ. ಅರವತ್ತು ನಿಮಿಷದ ತರಗತಿಯಲ್ಲಿ ಮೂವತ್ತೂ ದಾಟದಿದ್ದರೆ ಆಟದ ನಿಯಮ ಬದಲಿಸಿ. ಆ ಸಂಖ್ಯೆ ಏರಿದ ಮೇಲೆಯೇ ಹೊಸ ಬ್ಯಾಚ್‌ಗೆ ಪ್ರವೇಶ ತೆರೆಯಿರಿ.