ಎತ್ತಿದ ಕಲ್ಲು ಇದ್ದ ಹಾಗೇ ಇಡು

ಯುಗಾದಿಗೆ ಸೀತೂರಿಗೆ ಬಂದು ಹಾವು, ಕಪ್ಪೆ, ಓತಿ ಹುಡುಕುತ್ತೇನೆ ಎಂದೆಯಲ್ಲ, ಬಾ ಮಾರಾಯ. ಉಂಬಳದ ಕಾಟ ಇಲ್ಲದ ಕಾಲ. ಆದರೆ ಈಗ ಕಾನಿನ ದರಗು ಹಪ್ಪಳದ ಹಾಗೆ ಒಣಗಿರುತ್ತದೆ. ನೀನು ನಾಲ್ಕು ಹೆಜ್ಜೆ ಇಡುವುದರೊಳಗೆ ನೆಲದ ಅದುರಿಗೇ ಹಾವು ಜಾಗ ಖಾಲಿ ಮಾಡಿರುತ್ತದೆ. ಗುಡ್ಡ ಆಮೇಲೆ ಹತ್ತು, ಮೊದಲು ತೋಟದಲ್ಲಿ ಕೂರುವುದು ಕಲಿ.

‘ಕರ್ವಾಲೊ’ ಕಾದಂಬರಿ ಓದಿದವರೆಲ್ಲ ಹಾರುವ ಓತಿಗಾಗಿ ದಟ್ಟ ಕಾಡನ್ನೇ ಹುಡುಕುತ್ತಾರೆ. ಅದು ಅಡಿಕೆ ಮರದ ಮೇಲೇ ಇರುತ್ತದೆ. ಬಿಸಿಲೇರಿದ ಮೇಲೆ ಗಂಡು ಗಂಟಲ ಕೆಳಗಿನ ಹಳದಿ ತೊಗಲನ್ನು ಚಾಚಿ ಮಡಚಿ ಮಾಡುತ್ತದಲ್ಲ, ಅದೊಂದೇ ಗುರುತು. ಇಲ್ಲದಿದ್ದರೆ ಮರ ಯಾವುದು, ಓತಿ ಯಾವುದು ತಿಳಿಯದು. ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿದರೆ ಕ್ಯಾಮೆರಾ ಹಿಡಿದು ಬೆನ್ನು ಹತ್ತಬೇಡ.

ಕಪ್ಪೆ ಬೇಕಾದರೆ ಒದ್ದೆ ಹುಡುಕು. ಹಳ್ಳ ಬತ್ತಿ ಅಲ್ಲಲ್ಲಿ ಗುಂಡಿಯಷ್ಟೇ ಉಳಿದಿರುತ್ತದೆ, ಒರತೆಯ ಸುತ್ತಲೇ ಎಲ್ಲ ಸೇರಿರುತ್ತವೆ. ಕಪ್ಪೆ ಚರ್ಮದಿಂದಲೂ ಉಸಿರಾಡುವ ಜೀವ. ಸೊಳ್ಳೆ ಕ್ರೀಮು ಹಚ್ಚಿದ ಕೈಯಲ್ಲಿ ಮುಟ್ಟಲೇಬೇಡ. ನಮ್ಮ ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಹೊತ್ತ ಕುಣಿಯುವ ಕಪ್ಪೆಯೊಂದಿದೆ. 1937ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣರಾವ್. ಹಿಂಗಾಲು ಬೀಸುವ ಅದರ ಕುಣಿತ ನೋಡಬೇಕಾದರೆ ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಬರಬೇಕು.

ಗೊಬ್ಬರಗುಂಡಿಯ ಅಂಚಿನಲ್ಲಿ ಉಂಗುರ ಉಂಗುರದ ಮೈಯ, ಕಾಲಿಲ್ಲದ ಪ್ರಾಣಿ ಕಂಡರೆ ನಮ್ಮವರು ಹಾವಿನ ಮರಿಯೆಂದು ಹೊಡೆದುಹಾಕುತ್ತಾರೆ. ಅದು ಸಿಸಿಲಿಯನ್, ಕಪ್ಪೆಯ ಬಳಗ. ಹೆಣ್ಣು ಮೊಟ್ಟೆಗಳನ್ನು ಸುತ್ತಿಕೊಂಡು ಕಾಯುತ್ತದೆ. ಇಂಥವನ್ನು ಹುಡುಕಿ ಕಲ್ಲು ಎತ್ತುವಾಗ ಆಚೆ ಅಂಚು ಹಿಡಿದು ನಿನ್ನ ಕಡೆಗೆ ಮಗುಚು, ಒಳಗಿರುವುದು ಆಚೆಗೆ ಹೋಗಲಿ. ಬೆರಳಲ್ಲ, ಕೋಲು. ನೋಡಿಯಾದ ಮೇಲೆ ಇದ್ದ ಹಾಗೇ ಇಡು. ಈ ಬಿಸಿಲಿಗೆ ಅಡಿಯ ತಂಪು ಒಮ್ಮೆ ಆರಿದರೆ ಮಳೆ ಬೀಳುವ ತನಕ ಅದು ಯಾರಿಗೂ ಮನೆಯಾಗುವುದಿಲ್ಲ.

ಇನ್ನು ಕಾಳಿಂಗ. ಗಂಡುಗಳು ಹೆಣ್ಣನ್ನು ಅರಸಿ ತಿರುಗುವ ಕಾಲವೇ ಇದು. ಪಶ್ಚಿಮ ಘಟ್ಟದ್ದು ಬೇರೆಯೇ ಪ್ರಭೇದವೆಂದು 2024ರಲ್ಲಿ ಹಾವುಗಳ ಸಂಶೋಧಕ ಗೌರಿಶಂಕರ್ ಮತ್ತು ಸಂಗಡಿಗರು ತೋರಿಸಿ, ‘ಕಾಳಿಂಗ’ ಎಂದೇ ಹೆಸರಿಟ್ಟರು. ಇಲ್ಲಿಂದ ದೂರವೇನಲ್ಲದ ಆಗುಂಬೆಯಲ್ಲಿ ಉರಗತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಸಂಶೋಧನಾ ಕೇಂದ್ರದವರು ರೇಡಿಯೊ ಅಳವಡಿಸಿ ಇದರ ಓಡಾಟ ಅಳೆದಿದ್ದಾರೆ. ಮೊಟ್ಟೆಗೆಂದು ಹೆಣ್ಣು ಮೈಯಿಂದಲೇ ದರಗು ಎಳೆದು ಗೂಡು ಕಟ್ಟುತ್ತದೆ. ಹಾಗಾಗಿ ಯಾರೂ ಗುಡಿಸದ ಜಾಗದಲ್ಲಿ ದರಗಿನ ಗುಡ್ಡೆ ಕಂಡರೆ ಕೆದಕಬೇಡ, ತಾಯಿ ಅದರ ಮೇಲೇ ಇರಬಹುದು. ಗೂಡಿನ ಜಾಗವನ್ನು ಫೋಟೊ ಜೊತೆ ಊರಿಗೆಲ್ಲ ಹಂಚಲೂಬೇಡ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇದೆ ಎಂಬ ಧೈರ್ಯ ನಿನ್ನದು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಳಿಂಗಕ್ಕೂ, ಹಳ್ಳದ ಪಕ್ಕದ ಪೊದೆಯಲ್ಲಿ ಎಲೆ ಬಣ್ಣಕ್ಕೇ ಕೂತಿರುವ ಗುಳಿಮಂಡಲಕ್ಕೂ ಮಾಡಿದ್ದಲ್ಲ. ಆದ್ದರಿಂದ ಕೊಂಬೆ ಹಿಡಿಯುವ ಮುಂಚೆ ಕೊಂಬೆ ನೋಡು.

ಅಷ್ಟರಲ್ಲಿ ಸಂಜೆಗೊಂದು ಮಳೆ ಹೊಡೆದರೆ ನಿನ್ನ ಪುಣ್ಯ. ಬ್ಯಾಟರಿ ಹಿಡಿದು ಗದ್ದೆ ಅಂಚಿಗೆ ನಾನೂ ಬರುತ್ತೇನೆ. ಗಂಬೂಟು ನೀನೇ ತಾ, ಮನೆಯದು ನಿನ್ನ ಕಾಲಿಗೆ ಹಿಡಿಯುವುದಿಲ್ಲ.