ಪೊಲೀಸರು ಸೈಕಲ್ ತಡೆದಾಗ

ಕ್ಯಾಲಿಫೋರ್ನಿಯಾಕ್ಕೆ ಬಂದು ಸೈಕಲ್ ಹತ್ತುವ ಕನ್ನಡಿಗರಿಗೊಂದು ಮಾತು. ಇಲ್ಲಿ ಸೈಕಲ್ ಸವಾರನಿಗೂ ಕಾರಿನವನಷ್ಟೇ ಹಕ್ಕು, ಅಷ್ಟೇ ಹೊಣೆ. ರಾಜ್ಯದ ವಾಹನ ಸಂಹಿತೆಯ 21200ನೇ ಕಲಮು ಹೇಳುವುದು ಇದನ್ನೇ. ಸ್ಟಾಪ್ ಫಲಕದಲ್ಲಿ ನಿಲ್ಲದೆ ನುಸುಳಿದರೆ, ರಾತ್ರಿ ಮುಂದೀಪವಿಲ್ಲದಿದ್ದರೆ ಪೊಲೀಸರು ತಡೆಯಬಹುದು. ಬಲ ಅಂಚಿನಲ್ಲೇ ಹೋಗು ಎಂದು ಗದರಿದರೆ? ಕಾರು, ಸೈಕಲ್ ಅಕ್ಕಪಕ್ಕ ಸಾಗಲಾರದಷ್ಟು ಲೇನ್ ಕಿರಿದಾಗಿದ್ದರೆ ಅಂಚು ಬಿಟ್ಟು ಬರಲು 21202ನೇ ಕಲಮೇ ಅವಕಾಶ ಕೊಡುತ್ತದೆ. ಆದರೆ ಆ ವಾದ ಕೋರ್ಟಿಗಿರಲಿ, ರಸ್ತೆಯಲ್ಲಿ ಬೇಡ. ನಮ್ಮೂರಿನ "ಹೋಗ್ಲಿ ಬಿಡಿ ಸಾರ್" ರಾಗವೂ ಬೇಡ.

ಕೈಗಳು ಕಾಣುವಂತಿರಲಿ, ಜೇಬಿಗೆ ಕೈಹಾಕುವ ಮೊದಲು ಹೇಳಿ. ನಿಜವಾದ ಹೆಸರನ್ನೇ ಕೊಡಿ. ಗುರುತಿನ ಚೀಟಿ ಜೊತೆಗಿರಲಿ, ಇಲ್ಲದಿದ್ದರೆ ಠಾಣೆಗೆ ಒಯ್ಯಲೂಬಹುದು. ಚೀಲ ನೋಡಲೇ ಎಂದು ಕೇಳಿದರೆ "ನನ್ನ ಒಪ್ಪಿಗೆಯಿಲ್ಲ" ಎಂದು ಮೆಲ್ಲಗೆ, ಸ್ಪಷ್ಟವಾಗಿ ಹೇಳಿ. ಆದರೂ ನೋಡಿದರೆ ಅಡ್ಡ ನಿಲ್ಲಬೇಡಿ. ದಂಡದ ಟಿಕೆಟಿನ ಕೆಲಸ ಮುಗಿದ ಮೇಲೆ ಸಕಾರಣ ಅನುಮಾನವಿಲ್ಲದೆ ಹಿಡಿದಿಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2015ರಲ್ಲಿ ರೋಡ್ರಿಗಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. "ನಾನಿನ್ನು ಹೋಗಬಹುದೇ?" ಎಂದು ಕೇಳಲು ಹಿಂಜರಿಯಬೇಡಿ. ಟಿಕೆಟ್ ಕೊಟ್ಟರೆ ಸಹಿ ಹಾಕಿ. ಅದು ತಪ್ಪೊಪ್ಪಿಗೆಯಲ್ಲ, ಕೋರ್ಟಿಗೆ ಹಾಜರಾಗುತ್ತೇನೆಂಬ ಭರವಸೆಯಷ್ಟೇ.