ಸ್ಟಾಪಿನಿಂದ ಮನೆಬಾಗಿಲವರೆಗೆ: ನಿಮ್ಮೂರಿನ ಬಸ್ ಹಾದಿಯನ್ನು ನೀವೇ ತಪಾಸಣೆ ಮಾಡಿ

‘ನಮ್ಮ ಬಡಾವಣೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಇಲ್ಲ, ತಾವು ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದು ಅರ್ಜಿ ಬರೆದುಕೊಟ್ಟರೆ ಅದು ಯಾವ ಕಚೇರಿಗೆ ಹೋದರೂ ಒಂದೇ ಗತಿ, ಫೈಲಿಗೆ ಸೇರುತ್ತದೆ. ಓದಿದ ಗುಮಾಸ್ತರಿಗೆ ಏನು ಮಾಡಬೇಕೆಂದೇ ತೋಚುವುದಿಲ್ಲ. ಅದೇ ಕಾಗದದಲ್ಲಿ ‘ಸರ್ಕಾರಿ ಶಾಲೆ ಸ್ಟಾಪಿನಿಂದ ಮಾರಮ್ಮನ ಗುಡಿ ತಿರುವಿನವರೆಗೆ ಐದು ಕಂಬಗಳಿವೆ, ಎರಡನೆಯದರ ದೀಪ ಉರಿಯುತ್ತಿಲ್ಲ, ನಾಲ್ಕನೆಯದರ ಬೆಳಕಿಗೆ ಹೊಂಗೆ ಮರದ ಕೊಂಬೆ ಅಡ್ಡ ಬಂದಿದೆ’ ಎಂದು ಬರೆದು ನೋಡಿ. ಈ ಕೆಲಸಕ್ಕೆ ಏಣಿ ಹಿಡಿದು ಬರಬೇಕಾದವನು ಯಾರು ಎಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು.

2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾದ ಮೇಲೆ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್‌ಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ಖರ್ಚು ತಪ್ಪಿತು. ಆದರೆ ಬಸ್ ಇಳಿದ ಮೇಲೆ ಮನೆಗೆ ನಡೆಯುವ ಅರ್ಧ ಕಿಲೋಮೀಟರು ಯಾವ ಯೋಜನೆಯಲ್ಲೂ ಇಲ್ಲ. ಆ ಅರ್ಧ ಕಿಲೋಮೀಟರಿಗೆ ಹೆದರಿ ಎರಡನೇ ಪಾಳಿಯ ಕೆಲಸ ಬಿಟ್ಟವರು, ಸಂಜೆ ಕಾಲೇಜಿಗೆ ಸೇರದೇ ಉಳಿದವರು ನಿಮ್ಮ ಬೀದಿಯಲ್ಲೇ ಇರಬಹುದು. ಬಸ್ಸಿನೊಳಗಿನ ಸುರಕ್ಷತೆಯ ಮಾತು ಎಲ್ಲರೂ ಆಡುತ್ತಾರೆ, ಅದು ಬೇಕೂ ಹೌದು. ಆದರೆ ನೆರೆಹೊರೆಯವರು ಸೇರಿ ಸರಿಪಡಿಸಿಕೊಳ್ಳಬಹುದಾದದ್ದು ಹೆಚ್ಚಾಗಿ ಬಸ್ಸಿನ ಹೊರಗೇ ಇದೆ.

ಇದಕ್ಕೊಂದು ಹಳೆಯ, ಖರ್ಚಿಲ್ಲದ ದಾರಿ ಇದೆ: ಸುರಕ್ಷತಾ ತಪಾಸಣೆ. ಕೆನಡಾದ ಟೊರೊಂಟೊದಲ್ಲಿ ‘ಮೆಟ್ರಾಕ್’ ಎಂಬ ಮಹಿಳಾ ಸಂಸ್ಥೆ 1989ರಲ್ಲಿ ಇದನ್ನು ರೂಪಿಸಿತು. ಹೆಂಗಸರೇ ಗುಂಪಾಗಿ ರಾತ್ರಿ ಹೊತ್ತು ರಸ್ತೆಯಲ್ಲಿ ನಡೆದು, ಎಲ್ಲಿ ಭಯವಾಗುತ್ತದೆ, ಯಾಕೆ ಆಗುತ್ತದೆ ಎಂದು ಬರೆದುಕೊಳ್ಳುವುದು, ಅಷ್ಟೇ. ನಮ್ಮಲ್ಲಿ ದೆಹಲಿಯ ‘ಜಾಗೋರಿ’ ಇದನ್ನು ಬಳಸಿತು. 2013ರಲ್ಲಿ ಬಂದ ‘ಸೇಫ್ಟಿಪಿನ್’ ಆ್ಯಪ್ ಇದನ್ನೇ ಮೊಬೈಲಿಗೆ ತಂದಿತು. ಆ್ಯಪ್ ಇಲ್ಲದಿದ್ದರೂ ನಡೆಯುತ್ತದೆ. ಒಂದು ನೋಟ್‌ಬುಕ್, ಒಂದು ಪೆನ್ನು, ಜೊತೆಗೆ ನಾಲ್ಕು ಜನ ಸಾಕು.

ಯಾರು ಹೋಗಬೇಕು, ಯಾವಾಗ

ಐದಾರು ಜನರ ಗುಂಪು ಸಾಕು, ಆದರೆ ಒಂದೇ ಥರದವರು ಬೇಡ. ಗಾರ್ಮೆಂಟ್ಸ್ ಕೆಲಸದಿಂದ ಬರುವ ಒಬ್ಬರು, ಕಾಲೇಜು ಹುಡುಗಿ ಒಬ್ಬಳು, ಕೋಲೂರಿ ನಡೆಯುವ ಅಜ್ಜಿ, ಕಂಕುಳಲ್ಲಿ ಮಗು ಇರುವ ತಾಯಿ, ಸ್ಟಾಪಿನಲ್ಲೇ ಹೂ ಮಾರುವವರು. ಅಜ್ಜಿಯನ್ನು ಯಾಕೆ ಕರೆದೊಯ್ಯಬೇಕು ಎಂದು ಕೇಳುವವರು ಇರುತ್ತಾರೆ. ಚರಂಡಿಯ ಮೇಲಿನ ಚಪ್ಪಡಿ ಒಂದು ಕಡೆ ಎದ್ದಿರುವುದು ಇಪ್ಪತ್ತು ವರ್ಷದವಳಿಗೆ ಕಾಣುವುದೇ ಇಲ್ಲ, ಹಾರಿ ಮುಂದೆ ಹೋಗಿಬಿಡುತ್ತಾಳೆ. ಅಜ್ಜಿ ಅಲ್ಲಿ ನಿಲ್ಲುತ್ತಾರೆ. ಅವರು ನಿಂತಲ್ಲೆಲ್ಲ ಒಂದು ಗುರುತು ಹಾಕಿಕೊಳ್ಳಿ. ಗಂಡಸರೂ ಬರಲಿ; ಅವರು ಮಾತಾಡುವುದನ್ನು ಕಡಿಮೆ ಮಾಡಿ ಬರೆದುಕೊಳ್ಳುವ ಕೆಲಸ ವಹಿಸಿಕೊಂಡರೆ ಉಪಕಾರ.

ಇಡೀ ವಾರ್ಡನ್ನು ಒಂದೇ ರಾತ್ರಿ ಹಿಡಿಯಲು ಹೋಗಬೇಡಿ. ಒಂದು ಸ್ಟಾಪು, ಅಲ್ಲಿಂದ ಒಂದು ದಾರಿ. ಹೊತ್ತು ಮಾತ್ರ ಮುಖ್ಯ: ಕೊನೆಯ ಬಸ್ ಬರುವ ಸಮಯಕ್ಕೆ ಅರ್ಧ ಗಂಟೆ ಮೊದಲು ಸೇರಿ. ಸಂಜೆ ಐದಕ್ಕೆ ಹೋದರೆ ಎಲ್ಲ ಊರೂ ಚೆನ್ನಾಗಿಯೇ ಕಾಣುತ್ತದೆ.

ಏನೇನು ನೋಡಬೇಕು

ಮೊದಲು ಬೆಳಕು. ದೀಪ ಇದೆಯೋ ಇಲ್ಲವೋ ಎಂಬುದಲ್ಲ ಪ್ರಶ್ನೆ, ಅದರ ಬೆಳಕು ಎಲ್ಲಿ ಬೀಳುತ್ತದೆ ಎಂಬುದು. ಹತ್ತು ಹೆಜ್ಜೆ ದೂರದಲ್ಲಿ ನಿಂತವರ ಮುಖ ಗುರುತು ಸಿಗುತ್ತದೆಯೇ ನೋಡಿ. ಎಷ್ಟೋ ತಂಗುದಾಣಗಳಲ್ಲಿ ಜಾಹೀರಾತು ಫಲಕ ರಸ್ತೆಯ ಕಡೆಗೆ ಝಗಝಗಿಸುತ್ತಿರುತ್ತದೆ, ಅದರ ಹಿಂದಿನ ಬೆಂಚು ಕತ್ತಲೆಯಲ್ಲಿರುತ್ತದೆ. ಕಂಬದ ಮೇಲೆ ಬರೆದ ಸಂಖ್ಯೆ ಕಂಡರೆ ಬರೆದುಕೊಳ್ಳಿ. ಇಲ್ಲದಿದ್ದರೆ ‘ಹಾಲಿನ ಬೂತಿನ ಎದುರಿನ ಕಂಬ’ ಎಂದರೂ ಆಯಿತು.

ಆಮೇಲೆ ನೋಟ. ನಿಂತಲ್ಲಿಂದ ಎಲ್ಲ ದಿಕ್ಕೂ ಕಾಣುತ್ತದೆಯೇ, ಅಥವಾ ಹಿಂದೆ ಕಟ್ಟಿದ ಫ್ಲೆಕ್ಸು, ನಿಲ್ಲಿಸಿದ ಟೆಂಪೊ, ಪಾಳು ಕಾಂಪೌಂಡು ಮರೆ ಮಾಡುತ್ತಿದೆಯೇ? ನಿಮ್ಮನ್ನು ಯಾರಾದರೂ ನೋಡಬಲ್ಲರೇ? ಸ್ಟಾಪಿನ ಕಡೆ ಮುಖ ಮಾಡಿದ ಅಂಗಡಿಗಳು ಯಾವುವು, ಎಷ್ಟು ಹೊತ್ತಿಗೆ ಶಟರ್ ಎಳೆಯುತ್ತಾರೆ ಎಂದು ಕೇಳಿ ಬರೆಯಿರಿ. ಕ್ಯಾಮೆರಾ ಹಾಕಿಸಿ ಎಂಬ ಬೇಡಿಕೆ ಎಲ್ಲ ಸಭೆಯಲ್ಲೂ ಬರುತ್ತದೆ. ಕ್ಯಾಮೆರಾ ಅನಾಹುತ ಆದ ಮೇಲೆ ಸಾಕ್ಷಿ ಹೇಳುತ್ತದೆ. ಆಗದಂತೆ ತಡೆಯುವ ವಿಷಯದಲ್ಲಿ ನನಗೆ ರಾತ್ರಿ ಹತ್ತರವರೆಗೆ ತೆರೆದಿರುವ ಟೀ ಅಂಗಡಿಯ ಮೇಲೆಯೇ ನಂಬಿಕೆ ಹೆಚ್ಚು. ಆದ್ದರಿಂದ ಸುರಕ್ಷತೆಯ ಹೆಸರಿನಲ್ಲಿ ಹೂವಿನವರನ್ನು, ಹಣ್ಣಿನ ಗಾಡಿಯವರನ್ನು ಎಬ್ಬಿಸುವ ಸಲಹೆ ಬಂದರೆ ಒಪ್ಪಬೇಡಿ. ಆ ಹೊತ್ತಿನಲ್ಲಿ ಅಲ್ಲಿ ಕಣ್ಣಿಟ್ಟು ಕೂತಿರುವವರು ಅವರೇ.

ಉಳಿದವು ಬೇಗ ಆಗುತ್ತವೆ. ಜನ ಓಡಾಡುತ್ತಾರೆಯೇ, ಅವರಲ್ಲಿ ಹೆಂಗಸರು, ಮಕ್ಕಳು ಎಷ್ಟು? ಫುಟ್‌ಪಾತ್ ನಡೆಯುವಂತಿದೆಯೇ? ಆಟೊ ಸ್ಟ್ಯಾಂಡ್ ಎಷ್ಟು ದೂರ? ಪಕ್ಕದಲ್ಲೇ ಬಾರ್ ಇದೆಯೇ? ಪೊಲೀಸ್ ಗಸ್ತು ಯಾವ ಹೊತ್ತಿಗೆ? ಕೊನೆಗೆ ಒಂದು ಪ್ರಶ್ನೆ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಕೇಳಬೇಕು: ‘ಒಬ್ಬರೇ ಇದ್ದಿದ್ದರೆ ಇಲ್ಲಿ ನಿಲ್ಲುತ್ತಿದ್ದಿರಾ?’ ಗುಂಪಿನಲ್ಲಿ ಕೇಳಿದರೆ ಎಲ್ಲರೂ ಧೈರ್ಯವಂತರೇ.

ಫೋಟೊ ತೆಗೆಯುವಾಗ ಅಲ್ಲಿ ನಿಂತವರ ಮುಖ ಬೀಳದಂತೆ ನೋಡಿಕೊಳ್ಳಿ.

ಬಸ್ ಬಂದಾಗ

ತಂಗುದಾಣ ಒಂದು ಕಡೆ, ಬಸ್ ನಿಲ್ಲುವುದು ಐವತ್ತು ಅಡಿ ಮುಂದೆ. ಇದು ಎಲ್ಲ ಊರಿನ ಕತೆ. ಅಷ್ಟು ದೂರ ಓಡಿ, ಎತ್ತರದ ಮೆಟ್ಟಿಲು ಹತ್ತುವ ನೂಕುನುಗ್ಗಲಿನಲ್ಲೇ ಕೈಚಳಕ ತೋರಿಸುವವರಿಗೆ ಅನುಕೂಲ. ಬಸ್ ಎಲ್ಲಿ ನಿಂತಿತು, ಎಷ್ಟು ತಡವಾಗಿ ಬಂತು, ಬೋರ್ಡು ಓದಲು ಬಂತೇ ಎಂದು ಬರೆಯಿರಿ. ಹೆಂಗಸರೇ ನಿಂತಿದ್ದರೆ ನಿಲ್ಲಿಸದೆ ಹೋಗುತ್ತಾರೆ ಎಂಬ ದೂರು ನಿಮ್ಮ ಮಾರ್ಗದಲ್ಲೂ ಇದ್ದರೆ ಬಸ್ಸಿನ ನಂಬರು ಮತ್ತು ಸಮಯ ಬೇಕೇಬೇಕು. ‘ದಿನಾ ಹೀಗೇ ಮಾಡ್ತಾರೆ’ ಎಂದರೆ ಡಿಪೊದಲ್ಲಿ ಯಾರನ್ನೂ ಕೇಳಲಾಗದು. ಹತ್ತಿದ ಮೇಲೆ ‘ಶಕ್ತಿ’ಯ ಶೂನ್ಯ ಟಿಕೆಟ್ ತಾನೇ ಎಂದು ಬಿಸಾಡಬೇಡಿ. ನೀವು ಆ ದಿನ, ಆ ಹೊತ್ತಿನಲ್ಲಿ ಆ ಬಸ್ಸಿನಲ್ಲಿದ್ದಿರಿ ಎಂಬುದಕ್ಕೆ ಅದೇ ದಾಖಲೆ.

2019ರ ಜನವರಿ 1ರಿಂದ ಹೊಸದಾಗಿ ನೋಂದಣಿಯಾಗುವ ಬಸ್, ಟ್ಯಾಕ್ಸಿಗಳಲ್ಲಿ ವಾಹನ ಎಲ್ಲಿದೆ ಎಂದು ತೋರಿಸುವ ಸಾಧನ ಮತ್ತು ತುರ್ತು ಗುಂಡಿ ಇರಬೇಕೆಂದು ಕೇಂದ್ರದ ನಿಯಮವಿದೆ. ಆಟೊಗಳಿಗೆ ಅನ್ವಯಿಸದು. ಗುಂಡಿ ಕಂಡರೆ ಅದನ್ನು ಒತ್ತಿದಾಗ ಕರೆ ಯಾರಿಗೆ ಹೋಗುತ್ತದೆ ಎಂದು ಡಿಪೊದಲ್ಲಿ ಕೇಳಿ. ಸುಮ್ಮನೆ ಒತ್ತಿ ನೋಡಬೇಡಿ.

ಯಾರಿಗೆ ಬರೆಯಬೇಕು

ಜನ ಸೋಲುವುದು ಈ ಹಂತದಲ್ಲಿ. ಎಲ್ಲ ಸಮಸ್ಯೆಯನ್ನೂ ಒಂದೇ ಕಾಗದದಲ್ಲಿ ತುಂಬಿ ಶಾಸಕರಿಗೆ ಕೊಟ್ಟು ಬರುತ್ತಾರೆ. ಹಾಗೆ ಮಾಡದೆ ಒಂದೊಂದಕ್ಕೂ ಒಂದೊಂದು ಅರ್ಜಿ ಬರೆಯಿರಿ. ಬೀದಿದೀಪ ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಪಿಡಿಒ, ಊರಿನಲ್ಲಾದರೆ ಪುರಸಭೆ, ನಗರಸಭೆ, ಪಾಲಿಕೆ. ಕರೆಂಟ್ ಲೈನಿನ ತೊಂದರೆ ಇದ್ದರೆ ಎಸ್ಕಾಂ ಸಹಾಯವಾಣಿ 1912. ಚರಂಡಿ ಚಪ್ಪಡಿ, ಫುಟ್‌ಪಾತ್ ಸ್ಥಳೀಯ ಸಂಸ್ಥೆಯದು. ಆದರೆ ರಸ್ತೆ ರಾಜ್ಯ ಹೆದ್ದಾರಿಯಾಗಿದ್ದರೆ ಲೋಕೋಪಯೋಗಿ ಇಲಾಖೆಯದು. ಬಸ್ಸಿನ ಸಮಯ, ನಿಲುಗಡೆ, ಕೊನೆಯ ಟ್ರಿಪ್ಪು ಡಿಪೊ ಮ್ಯಾನೇಜರಿಗೆ, ಅಲ್ಲಿ ಆಗದಿದ್ದರೆ ವಿಭಾಗೀಯ ನಿಯಂತ್ರಣಾಧಿಕಾರಿಗೆ. ಗಸ್ತು ಬೇಕಾದರೆ ಠಾಣೆಗೆ.

ಅರ್ಜಿ ಒಂದೇ ಪುಟದಲ್ಲಿ ಮುಗಿಯಲಿ. ಯಾವ ಜಾಗ, ಏನು ಕೊರತೆ, ಯಾವ ದಿನ ಎಷ್ಟು ಹೊತ್ತಿಗೆ ನೋಡಿದಿರಿ, ಏನು ಮಾಡಬೇಕು. ಎರಡು ಪ್ರತಿ ಒಯ್ದು, ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮುದ್ರೆ, ಸಹಿ, ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ‘ಇಟ್ಟು ಹೋಗಮ್ಮ, ಸಾಹೇಬರು ಬಂದ ಮೇಲೆ ನೋಡ್ತಾರೆ’ ಎಂದರೆ ‘ಪರವಾಗಿಲ್ಲ ಸರ್, ಸೀಲ್ ಒಂದು ಹಾಕಿಕೊಡಿ’ ಎಂದು ನಗುತ್ತಲೇ ನಿಂತುಕೊಳ್ಳಿ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲೂ ದೂರು ದಾಖಲಿಸಬಹುದು. ಹಳ್ಳಿಯಾದರೆ ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ.

ಒಂದು ತಿಂಗಳು ಕಳೆದರೂ ಹಿಂಬರಹ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ‘ಯಾಕೆ ಮಾಡಿಲ್ಲ’ ಎಂದು ಜಗಳ ತೆಗೆಯಬೇಡಿ. ‘ಇಂಥ ದಿನಾಂಕದ ನಮ್ಮ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿಯ ಪ್ರತಿ ಕೊಡಿ’ ಎಂದು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು.

ಕಂಡಕ್ಟರಮ್ಮನನ್ನೂ ಕೇಳಿ

ಬಸ್ಸಿನಲ್ಲಿ ಎಂಟು ಗಂಟೆ ಕಳೆಯುವ ಹೆಣ್ಣುಮಗಳು ತಪಾಸಣೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ನಿಮ್ಮ ಮಾರ್ಗದ ಮಹಿಳಾ ಕಂಡಕ್ಟರ್ ಜೊತೆ ಕೊನೆಯ ನಿಲ್ದಾಣದಲ್ಲಿ ಐದು ನಿಮಿಷ ಮಾತಾಡಿ. ಮೊದಲು ಬರುವುದು ಶೌಚಾಲಯದ ಮಾತು. ಗಂಡಸರು ಬಸ್ಸಿನ ಹಿಂದೆ ಹೋಗಿ ಬರುತ್ತಾರೆ. ಈಕೆ ಬೆಳಿಗ್ಗೆಯಿಂದ ನೀರು ಕುಡಿಯದೆ ಟ್ರಿಪ್ಪು ಮುಗಿಸುತ್ತಾಳೆ. ಮಾರ್ಗದ ಕೊನೆಯಲ್ಲಿ ಬಳಸಲು ಬರುವ, ನೀರು ಮತ್ತು ಬೋಲ್ಟು ಇರುವ ಒಂದು ಶೌಚಾಲಯ ಬೇಕು ಎಂದು ಪ್ರಯಾಣಿಕರೇ ಅರ್ಜಿ ಕೊಟ್ಟರೆ ಅದಕ್ಕೆ ಬೇರೆಯೇ ತೂಕ. ನೌಕರಳೇ ಕೇಳಿದರೆ ಅದು ‘ಕಂಪ್ಲೇಂಟ್’ ಆಗುತ್ತದೆ. ತಡರಾತ್ರಿ ಡಿಪೊಗೆ ಲೆಕ್ಕ ಒಪ್ಪಿಸಿದ ಮೇಲೆ ಮನೆಗೆ ಹೇಗೆ ಹೋಗುತ್ತೀರಿ ಎಂದೂ ಕೇಳಿ.

ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಕಂಡಕ್ಟರಮ್ಮನಂಥವರಿಗೆ ಬಹಳ ಉಪಯುಕ್ತ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಲ್ಲದು. ಕಿರುಕುಳ ಕೊಟ್ಟವನು ಪ್ರಯಾಣಿಕನೇ ಆಗಿದ್ದರೂ, ಆಕೆ ಬಯಸಿದರೆ ಪೊಲೀಸ್ ಕ್ರಮಕ್ಕೆ ಮುಂದಾಗುವುದು ಸಂಸ್ಥೆಯ ಹೊಣೆ. ಎಷ್ಟೋ ಜನರಿಗೆ ಗೊತ್ತಿರದ ಇನ್ನೊಂದು ಅಂಶ: ಕೆಲಸಕ್ಕೆಂದು ಮಾಲೀಕರು ಒದಗಿಸುವ ವಾಹನವೂ ಈ ಕಾನೂನಿನ ಲೆಕ್ಕದಲ್ಲಿ ಕೆಲಸದ ಜಾಗವೇ. ಗಾರ್ಮೆಂಟ್ಸ್ ವ್ಯಾನಿಗೂ ಇದು ಸಲ್ಲುತ್ತದೆ, ಐಟಿ ಕಂಪನಿಯ ಕ್ಯಾಬಿಗೂ ಸಲ್ಲುತ್ತದೆ.

ಬೆಂಗಳೂರಿನಲ್ಲಿ 2005ರ ಡಿಸೆಂಬರಿನಲ್ಲಿ ಕಾಲ್‌ಸೆಂಟರ್ ಉದ್ಯೋಗಿಯೊಬ್ಬರನ್ನು ಪಾಳಿಗೆ ಕರೆದೊಯ್ಯಲು ಬಂದ ಚಾಲಕನೇ ಕೊಂದ. ಅಂಥ ಅಪಾಯ ತಪ್ಪಿಸಲು, ನಮ್ಮ ರಾಜ್ಯದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳು ಹೆಂಗಸರನ್ನು ರಾತ್ರಿ ಪಾಳಿಗೆ ಹಾಕಬೇಕಾದರೆ ಪಾಲಿಸಬೇಕಾದ ಷರತ್ತುಗಳಲ್ಲಿ ಒಂದನ್ನು ನೆನಪಿಡಿ: ಗಾಡಿಗೆ ಮೊದಲು ಹತ್ತುವವರೂ ಕೊನೆಗೆ ಇಳಿಯುವವರೂ ಹೆಣ್ಣಾಗಿರಬಾರದು. ನಿಮ್ಮ ಕಂಪನಿಯ ರೂಟ್ ಶೀಟಿನಲ್ಲಿ ಹಾಗಿಲ್ಲದಿದ್ದರೆ ಆ ಶೀಟನ್ನೇ ಲಗತ್ತಿಸಿ ಬರೆಯಿರಿ.

ಬಸ್ಸಿನಲ್ಲೇ ಏನಾದರೂ ಆದರೆ

ಗಟ್ಟಿಯಾಗಿ, ಗುರುತು ಹೇಳಿ ಕೂಗಿ: ‘ನೀಲಿ ಶರ್ಟಿನವರೇ, ಕೈ ತೆಗೀರಿ.’ ಸುಮ್ಮನೆ ‘ಏಯ್’ ಎಂದರೆ ಸುತ್ತಲಿನವರಿಗೆ ಯಾರ ಕಡೆ ನೋಡಬೇಕೆಂದು ತಿಳಿಯದು. ಕಂಡಕ್ಟರಿಗೆ ಹೇಳಿ ಬಸ್ಸನ್ನು ಹತ್ತಿರದ ಠಾಣೆಯ ಮುಂದೆ ನಿಲ್ಲಿಸಲು ಕೇಳಿ, 112ಕ್ಕೆ ಕರೆ ಮಾಡಿ. ನೋಡುತ್ತಿರುವವರು ಜಗಳಕ್ಕೇ ಇಳಿಯಬೇಕಿಲ್ಲ. ‘ಅಕ್ಕಾ, ಇಲ್ಲಿ ಬನ್ನಿ, ಸೀಟಿದೆ’ ಎಂದು ಎದ್ದು ನಿಂತರೂ ಸಾಕಷ್ಟು ಆಯಿತು. ಆಮೇಲೆ ಸಾಕ್ಷಿಗೆ ನಿಮ್ಮ ನಂಬರು ಕೊಡಿ.

ಭಾರತೀಯ ನ್ಯಾಯ ಸಂಹಿತೆಯ 74ನೇ ಸೆಕ್ಷನ್‌ನಡಿ ಹೆಣ್ಣಿನ ಮಾನಕ್ಕೆ ಕುಂದು ತರಲು ಬಲಪ್ರಯೋಗ ಮಾಡಿದವರಿಗೆ ಒಂದರಿಂದ ಐದು ವರ್ಷ ಜೈಲು ಇದೆ. 75 ಲೈಂಗಿಕ ಕಿರುಕುಳಕ್ಕೆ, 78 ಹಿಂಬಾಲಿಸುವುದಕ್ಕೆ. ಬಸ್ ಆಗ ಯಾವ ಠಾಣೆಯ ವ್ಯಾಪ್ತಿಯಲ್ಲಿತ್ತು ಎಂದು ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ; ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ನಮ್ಮದಲ್ಲ ಎಂದು ಹಿಂದಕ್ಕೆ ಕಳಿಸುವಂತಿಲ್ಲ. ಇಂಥ ಪ್ರಕರಣಗಳಲ್ಲಿ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ರೈಲಿನಲ್ಲಾದರೆ 139.

ಎರಡನೇ ಸುತ್ತು

ಮೂರು ತಿಂಗಳ ನಂತರ ಅದೇ ಜನ, ಅದೇ ಹೊತ್ತಿಗೆ, ಅದೇ ಪಟ್ಟಿ ಹಿಡಿದು ಮತ್ತೆ ನಡೆಯಿರಿ. ಆದದ್ದಕ್ಕೆ ಸಂಬಂಧಪಟ್ಟ ಕಚೇರಿಗೆ ಒಂದು ಸಾಲಿನ ಧನ್ಯವಾದ ಪತ್ರ ಕೊಡಿ. ಮುಂದಿನ ಅರ್ಜಿಗೆ ಅದು ದಾರಿ ಮಾಡುತ್ತದೆ. ಆಗದ್ದಕ್ಕೆ ಹಳೆಯ ಸ್ವೀಕೃತಿಯ ಜೆರಾಕ್ಸ್ ಸೇರಿಸಿ ಮೇಲಿನ ಅಧಿಕಾರಿಗೆ. ಕೊಂಬೆ ಕಡಿಸಿದ ಕಡೆ ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ನೋಡಲೇಬೇಕು. ಹೊಂಗೆ ಬೇಗ ಚಿಗುರುತ್ತದೆ.